ಬಿಗಿದು ಕೂತ ಉಪ್ಪುನೀರಿನ ಹೋಸ್: ಬಿಚ್ಚುವುದು ಹೇಗೆ, ಬದಲಿಗೆ ಯಾವುದನ್ನು ಹಾಕಬೇಕು?

ಪ್ರಶ್ನೆ: ನಮ್ಮದು ಗಂಗೊಳ್ಳಿಯ ಫೈಬರ್ ಟ್ರಾಲ್ ಬೋಟು. ಆರು ಸಿಲಿಂಡರಿನ ಡೀಸೆಲ್ ಇಂಜಿನ್, ಉಪ್ಪುನೀರಿನ ಪಂಪು ಮತ್ತು ಹೀಟ್ ಎಕ್ಸ್‌ಚೇಂಜರ್ (ಉಪ್ಪುನೀರಿನಿಂದ ಇಂಜಿನ್ನಿನ ಬಿಸಿ ತಣಿಸುವ ಭಾಗ) ಇದೆ. ಸಮುದ್ರದ ನೀರು ಒಳಗೆ ಬರುವ ತಳದ ವಾಲ್ವಿನಿಂದ ಕಸ ಸೋಸುವ ಸ್ಟ್ರೈನರಿಗೆ, ಅಲ್ಲಿಂದ ಪಂಪಿಗೆ ಹೋಗುವ ಹೋಸ್‌ಗಳನ್ನು ಏಳು ವರ್ಷದಿಂದ ಬದಲಿಸಿಲ್ಲ. ಈಗ ಒತ್ತಿದರೆ ಮರದಷ್ಟು ಗಟ್ಟಿಯಾಗಿವೆ. ಕಳೆದ ಸೀಸನ್ನಿನ ಕೊನೆಗೆ ಬಲೆ ಎಳೆಯುವಾಗ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೇರುತ್ತಿತ್ತು. ಒಬ್ಬ ಮೆಕ್ಯಾನಿಕ್ ‘ಸೋರುತ್ತಿಲ್ಲವಲ್ಲ, ಮುಟ್ಟಬೇಡಿ, ಮುಟ್ಟಿದರೆ ಪಂಪಿನ ನಿಪ್ಪಲ್ (ಹೋಸ್ ತೊಡಿಸುವ ಮೂತಿ) ಮುರಿಯುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ಗ್ಯಾಸ್ ಟಾರ್ಚಿನಿಂದ ಕಾಯಿಸಿದರೆ ಬರುತ್ತದೆ ಎನ್ನುತ್ತಾರೆ. ತೋಟದ ಪಂಪಿಗೆ ಹಾಕುವ ಹಸಿರು ಸಕ್ಷನ್ ಪೈಪೇ ಸಾಕು ಎಂಬುದು ನನ್ನ ತಮ್ಮನ ಅಭಿಪ್ರಾಯ. ಸಿಲಿಕಾನ್ ಹೋಸ್ ಒಳ್ಳೆಯದೇ? ಆಗಸ್ಟಿಗೆ ಮುಂಚೆ ಬದಲಿಸಲೇಬೇಕೆ? ಕೆಲಸವನ್ನು ನಾವೇ ಮಾಡಿಕೊಳ್ಳಬಹುದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಹಳೆಯ ಹೋಸ್ ಸಮುದ್ರದ ಮಧ್ಯೆ ಕೈಕೊಟ್ಟರೆ ಏನು ಗತಿ ಎಂಬುದು ಒಂದು. ಅದನ್ನು ಬಿಚ್ಚಲು ಹೋಗಿ ಚೆನ್ನಾಗಿರುವ ಪಂಪನ್ನೋ ಎಕ್ಸ್‌ಚೇಂಜರನ್ನೋ ಹಾಳು ಮಾಡಿಕೊಂಡರೆ ಎಂಬುದು ಇನ್ನೊಂದು. ಎರಡೂ ನ್ಯಾಯವಾದವೇ. ಮೊದಲನೆಯದಕ್ಕೆ ನನ್ನ ಉತ್ತರ, ಈ ಬಿಡುವಿನಲ್ಲೇ ಬದಲಿಸಿ ಎಂಬುದು. ಎರಡನೆಯದಕ್ಕೆ, ಹೋಸನ್ನು ಉಳಿಸಿಕೊಳ್ಳುವ ಆಸೆಯನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರೆ ನಿಪ್ಪಲ್ ತಾನಾಗಿ ಉಳಿಯುತ್ತದೆ ಎಂಬುದು. ನಾನು ನೋಡಿರುವ ಮುರಿದ ನಿಪ್ಪಲ್‌ಗಳಲ್ಲಿ ಹೆಚ್ಚಿನವು ಮುರಿದದ್ದು, ಹೇಗೂ ಎಸೆಯಬೇಕಾಗಿದ್ದ ಹೋಸನ್ನು ಇಡಿಯಾಗಿ ಎಳೆದು ತೆಗೆಯಲು ಹೋದದ್ದರಿಂದ.

ಗಟ್ಟಿ ಎಂಬ ಒಂದೇ ಲಕ್ಷಣದಿಂದ ಹೋಸ್ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಪಂಪಿಗೆ ನೀರು ಹೀರುವ ಬದಿಯ ಹೋಸ್‌ನ ಗೋಡೆಯೊಳಗೆ ಸುರುಳಿ ತಂತಿ ಇರುತ್ತದೆ. ಪಂಪು ಹೀರುವಾಗ ಹೋಸ್ ಚಪ್ಪಟೆಯಾಗಬಾರದೆಂದೇ ಅದನ್ನು ಹಾಕಿರುತ್ತಾರೆ. ಹಾಗಾಗಿ ಹೊಸ ಸಕ್ಷನ್ ಹೋಸ್ ಕೂಡ ಕೈಗೆ ಬಿರುಸಾಗಿಯೇ ಸಿಗುತ್ತದೆ. ನೋಡಬೇಕಾದದ್ದು ತಂತಿಯ ಸುತ್ತುಗಳ ನಡುವಿನ ರಬ್ಬರನ್ನು. ಅಲ್ಲಿ ಉಗುರಿನಿಂದ ಒತ್ತಿದಾಗ ರಬ್ಬರು ಸ್ವಲ್ಪ ಒಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಉಗುರು ಇಳಿಯದಿದ್ದರೆ, ಬಾಗಿದ ಕಡೆ ಹೊರಮೈಯಲ್ಲಿ ಸಣ್ಣ ಬಿರುಕುಗಳು ಕಂಡರೆ, ಕತ್ತರಿಸಿದ ತುದಿಯಲ್ಲಿ ತುಕ್ಕಿನ ಕಲೆ ಇದ್ದರೆ, ಅಥವಾ ಹೋಸನ್ನು ಬಿಗಿಯುವ ಕ್ಲಿಪ್ಪಿನ ಪಕ್ಕದಲ್ಲಿ ಉಪ್ಪಿನ ಬಿಳಿ ಪುಡಿ ಕಟ್ಟಿದ್ದರೆ ಆ ಹೋಸಿನ ಆಯುಷ್ಯ ಮುಗಿದಿದೆ. ಎಲ್ಲೋ ಒಂದು ಕಡೆ ಮೆತ್ತಗಾಗಿ ಉಬ್ಬಿದ್ದರೆ ಅದೂ ಅಷ್ಟೇ ಕೆಟ್ಟದ್ದು. ಅಲ್ಲಿಗೆ ಡೀಸೆಲ್ ಅಥವಾ ಇಂಜಿನ್ ಆಯಿಲ್ ತಾಗುತ್ತಿದೆ ಎಂದು ತಿಳಿಯಬೇಕು.

ರಬ್ಬರು ಏಕೆ ಹೀಗಾಗುತ್ತದೆ? ಇಂಜಿನ್ ಕೋಣೆಯ ಬಿಸಿಯಲ್ಲಿ ವರ್ಷಗಟ್ಟಲೆ ಇದ್ದಾಗ ರಬ್ಬರು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ವರ್ತಿಸುತ್ತದೆ, ಅದರ ಅಣುಸರಪಳಿಗಳ ನಡುವೆ ಹೊಸ ಹೊಸ ಕೊಂಡಿಗಳು ಬೆಳೆಯುತ್ತವೆ, ಸರಪಳಿಗಳಿಗೆ ಜಾರಲು ಜಾಗವಿಲ್ಲದೆ ವಸ್ತು ಗಡುಸಾಗುತ್ತದೆ. ಪಿವಿಸಿ ಹೋಸ್‌ನಲ್ಲಿ ಕಾರಣ ಬೇರೆ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ಕ್ರಮೇಣ ಹೊರಗೆ ಹೋಗಿ ಪ್ಲಾಸ್ಟಿಕ್ ಮಾತ್ರ ಉಳಿಯುತ್ತದೆ. ಇದರ ಜೊತೆಗೆ, ಕತ್ತರಿಸಿದ ತುದಿಯಲ್ಲಿ ತೆರೆದುಕೊಂಡಿರುವ ಉಕ್ಕಿನ ತಂತಿಯ ಮೂಲಕ ಉಪ್ಪುನೀರು ಗೋಡೆಯೊಳಗೆ ಇಳಿಯುತ್ತದೆ. ತಂತಿ ತುಕ್ಕು ಹಿಡಿದು ಉಬ್ಬಿದಾಗ ಒಳಪದರ ಮತ್ತು ಹೊರಪದರ ಒಂದರಿಂದೊಂದು ಬಿಡುತ್ತವೆ. ಗಟ್ಟಿಯಾದ ಹೋಸನ್ನು ಎಣ್ಣೆ ಹಚ್ಚಿ ಮೆತ್ತಗೆ ಮಾಡಬಹುದು ಎಂಬ ನಂಬಿಕೆ ನಮ್ಮ ಬಂದರುಗಳಲ್ಲಿ ಇದೆ. ಎಣ್ಣೆ ಹಚ್ಚಿದಾಗ ಮೈ ಮಿಂಚುವುದು ನಿಜ, ಆದರೆ ರಬ್ಬರಿನಲ್ಲಿ ಒಮ್ಮೆ ಬೆಳೆದ ಕೊಂಡಿಗಳು ಬಿಡುವುದಿಲ್ಲ. ಇಪಿಡಿಎಂ ಎಂಬ ಬಗೆಯ ರಬ್ಬರಿಗಂತೂ ಎಣ್ಣೆಯೇ ಶತ್ರು.

ಒಳಪದರ ಬಿಡುವ ಸಂಗತಿಯನ್ನು ನಿಮ್ಮ ಟೆಂಪರೇಚರ್ ಮುಳ್ಳಿನ ಜೊತೆ ಸೇರಿಸಿ ನೋಡಬೇಕು. ಹೀರುವ ಬದಿಯ ಹೋಸ್ ಹೊರಗಿನಿಂದ ದುಂಡಗೆ, ಗಟ್ಟಿಯಾಗಿ, ಒಣಗಿಯೇ ಕಾಣುತ್ತದೆ; ಇಂಜಿನ್ ನಿಧಾನವಾಗಿ ಓಡುವಾಗ ಸಾಕಷ್ಟು ನೀರೂ ಬರುತ್ತದೆ. ಬಲೆ ಎಳೆಯುವಾಗ ಇಂಜಿನ್ನಿನ ಮೇಲೆ ಭಾರ ಬಿದ್ದು, ಅದಕ್ಕೆ ಹೆಚ್ಚು ನೀರು ಬೇಕಾಗಿ ಪಂಪು ಜೋರಾಗಿ ಹೀರಿದಾಗ, ಬಿಟ್ಟುಕೊಂಡ ಒಳಪದರ ಒಳಗೆ ಎಳೆಯಲ್ಪಟ್ಟು ದಾರಿಯನ್ನು ಅರ್ಧ ಮುಚ್ಚುತ್ತದೆ. ಇಂಜಿನ್ ನಿಲ್ಲಿಸಿ ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ. ಹೀರುವ ಬದಿಗೆ ಇನ್ನೊಂದು ಗುಣವೂ ಇದೆ. ಅಲ್ಲಿ ಬಿರುಕಿದ್ದರೆ, ಇಂಜಿನ್ ಓಡುವಾಗ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ‘ಸೋರುತ್ತಿಲ್ಲವಲ್ಲ’ ಎಂಬ ಮೆಕ್ಯಾನಿಕ್ಕಿನ ಮಾತು ಡೆಲಿವರಿ ಬದಿಗೆ, ಅಂದರೆ ಪಂಪು ನೀರನ್ನು ಮುಂದೆ ತಳ್ಳುವ ಬದಿಗೆ, ತಕ್ಕಮಟ್ಟಿಗೆ ಹೊಂದುತ್ತದೆ, ಹೀರುವ ಬದಿಗೆ ಹೊಂದುವುದಿಲ್ಲ. ಸ್ಟ್ರೈನರಿನ ಮುಚ್ಚಳ ಪಾರದರ್ಶಕವಾಗಿದ್ದರೆ ಇಂಜಿನ್ ಓಡುವಾಗ ಅದರಲ್ಲಿ ಗುಳ್ಳೆಗಳು ಹರಿಯುತ್ತಿವೆಯೇ ನೋಡಿ. ಗುಳ್ಳೆ ಬರುತ್ತಿದ್ದರೆ ಸ್ಟ್ರೈನರಿನಲ್ಲಿ ಅಥವಾ ಅದಕ್ಕೂ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ. ಮುಳ್ಳು ಏರುವುದಕ್ಕೆ ಸವೆದ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರಬ್ಬರಿನ ಚಕ್ರ), ಕಸ ಕಟ್ಟಿದ ಸ್ಟ್ರೈನರ್, ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಕೂತ ಗಸಿ ಇವೂ ಕಾರಣವಾಗಬಹುದು. ಹೋಸ್ ಬದಲಿಸಿದ ಮಾತ್ರಕ್ಕೆ ಮುಳ್ಳು ಇಳಿದೇ ಇಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಹೋಸ್ ಬಿಚ್ಚಿದಾಗ ಈ ಮೂರನ್ನೂ ನೋಡಲು ದಾರಿ ತೆರೆದುಕೊಳ್ಳುತ್ತದೆ.

ಅಪಾಯದ ಅಳತೆಯನ್ನೂ ಹೇಳಿಬಿಡುತ್ತೇನೆ. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 38 ಮಿಲಿಮೀಟರ್ ವ್ಯಾಸದ ಹೋಸ್ ಪೂರ್ತಿ ಕಳಚಿಕೊಂಡರೆ ನಿಮಿಷಕ್ಕೆ ನೂರು ಲೀಟರಿಗಿಂತ ಹೆಚ್ಚು ನೀರು ಬೋಟಿನೊಳಗೆ ಬರುತ್ತದೆ. ರಾತ್ರಿ ಎಲ್ಲರೂ ಮಲಗಿದ್ದಾಗ, ತಳದಲ್ಲಿ ನಿಂತ ನೀರನ್ನು ಹೊರಹಾಕುವ ಬಿಲ್ಜ್ ಪಂಪು ಚಿಕ್ಕದಾಗಿದ್ದಾಗ, ಇದು ಇಂಜಿನ್ ಬಿಸಿಯಾಗುವ ತೊಂದರೆಗಿಂತ ತುಂಬಾ ದೊಡ್ಡದು. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧವಿರುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ, ಅದರಲ್ಲೂ ಬೋಟನ್ನು ದಡಕ್ಕೆ ಎಳೆದಿದ್ದರೆ.

ಬೋಟು ನೀರಿನಲ್ಲೇ ಇದ್ದರೆ ಮೊದಲು ತಳದ ವಾಲ್ವು ನಿಜವಾಗಿ ಮುಚ್ಚುತ್ತದೆಯೇ ಎಂಬುದು ಖಚಿತವಾಗಬೇಕು. ಹಿಡಿ ತಿರುಗಿತೆಂದರೆ ವಾಲ್ವು ಮುಚ್ಚಿತೆಂದು ಅರ್ಥವಲ್ಲ. ವಾಲ್ವು ಮುಚ್ಚಿ, ನೀರಿನ ಮಟ್ಟಕ್ಕಿಂತ ಕೆಳಗಿರುವ ಒಂದು ಕ್ಲಿಪ್ಪನ್ನು ಸಡಿಲಿಸಿ, ಹೋಸನ್ನು ಪೂರ್ತಿ ತೆಗೆಯದೆ ಸ್ವಲ್ಪ ಮಾತ್ರ ಎಬ್ಬಿಸಿ ನೋಡಿ. ಹೋಸಿನಲ್ಲಿದ್ದ ನೀರು ಬಸಿದು ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲೇ ಬಿಗಿದು, ಬೋಟು ದಡಕ್ಕೆ ಬರುವವರೆಗೆ ಕಾಯಿರಿ. ವಾಲ್ವಿನ ಹಿಡಿ ತಿರುಗದೆ ಕೂತಿದ್ದರೂ ಅಷ್ಟೇ. ನೀರಿನಲ್ಲಿರುವ ಬೋಟಿನ ವಾಲ್ವಿನ ಮೇಲೆ ಪೈಪು ಹಾಕಿ ಬಲ ಪ್ರಯೋಗಿಸಬಾರದು. ತುದಿ ಕಿರಿದಾಗಿ ಕೆತ್ತಿದ ಮೆತ್ತನೆ ಮರದ ಬೆಣೆಯೊಂದು, ನೀರು ನುಗ್ಗಿದರೆ ತೂತಿಗೆ ಬಡಿಯಲು, ಕೈಗೆ ಸಿಗುವಂತಿರಲಿ. ಇಂಜಿನ್ನಿನ ಕೀಲಿಯನ್ನು ತೆಗೆದು, ಕೆಲಸ ಮಾಡುವವರ ಜೇಬಿನಲ್ಲೇ ಇಟ್ಟುಕೊಳ್ಳಿ. ವಾಲ್ವು ಮುಚ್ಚಿರುವಾಗ ಯಾರಾದರೂ ಸ್ಟಾರ್ಟ್ ಮಾಡಿದರೆ ನೀರಿಲ್ಲದೆ ತಿರುಗುವ ರಬ್ಬರಿನ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹರಿದುಹೋಗುತ್ತದೆ.

ಇನ್ನು ಬಿಚ್ಚುವ ಕೆಲಸ. ಹೋಸನ್ನು ಮುಟ್ಟುವ ಮೊದಲು ಅದರ ಉದ್ದವನ್ನು, ಬಾಗಿರುವ ರೀತಿಯನ್ನು ಅಳೆದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ತುಂಡು ತುಂಡಾದ ಮೇಲೆ ಅಳೆಯಲಾಗದು. ಕ್ಲಿಪ್ಪಿನ ಸ್ಕ್ರೂ ತಿರುಗದಿದ್ದರೆ ಸ್ಕ್ರೂವಿಗೆ ಮಾತ್ರ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬಹುದು, ಅಥವಾ ಪಟ್ಟಿಯನ್ನೇ ಕಟಿಂಗ್ ಪ್ಲಯರ್‌ನಿಂದ ಕತ್ತರಿಸಬಹುದು. ಗ್ರೈಂಡರ್ ಬೇಡ. ಅದರ ಕಿಡಿ ಇಂಜಿನ್ ಕೋಣೆಯಲ್ಲಿ ಹಾರುತ್ತದೆ, ಬಿಲ್ಲೆ ಒಂದು ಕ್ಷಣ ಆಳಕ್ಕೆ ಇಳಿದರೆ ನಿಪ್ಪಲ್ಲಿನ ಮೇಲೆ ಗೆರೆ ಬೀಳುತ್ತದೆ.

ಗಟ್ಟಿಯಾಗಿ ಕೂತ ಹೋಸನ್ನು ಕಂಡಾಗ ಎಲ್ಲರ ಕೈಯೂ ಮೊದಲು ಎಳೆಯಲು ಹೋಗುತ್ತದೆ. ಆದರೆ ಎಳೆದಾಗ ಹೋಸ್ ಉದ್ದಕ್ಕೆ ಹಿಗ್ಗಿ ಅಡ್ಡಕ್ಕೆ ಕುಗ್ಗುತ್ತದೆ, ಅಂದರೆ ನಿಪ್ಪಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ತುದಿಯ ಅಂಚನ್ನು ಮೊಂಡು ಸ್ಕ್ರೂಡ್ರೈವರಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ತಳ್ಳಿದಾಗ ಹಿಡಿತ ಬಿಡುವ ಸಾಧ್ಯತೆ ಹೆಚ್ಚು. ಹೀಗೆ ಬಿಟ್ಟರೆ ಸಂತೋಷ. ಬಿಡದಿದ್ದರೆ ಹಠಕ್ಕೆ ಬೀಳದೆ ಚಾಕು ತೆಗೆದುಕೊಳ್ಳಿ. ಮೊದಲು ನಿಪ್ಪಲ್ಲಿನ ಕೊನೆ ಎಲ್ಲಿದೆ ಎಂದು ಅಂದಾಜಿಸಿ, ಅದರಿಂದ ಎರಡು ಬೆರಳು ಆಚೆಗೆ ಹೋಸನ್ನು ಅಡ್ಡಲಾಗಿ ಕತ್ತರಿಸಿ. ರಬ್ಬರನ್ನು ಚಾಕುವಿನಿಂದ, ತಂತಿಯನ್ನು ಕಟಿಂಗ್ ಪ್ಲಯರ್‌ನಿಂದ. ಉದ್ದನೆಯ ಹೋಸ್ ಹೀಗೆ ಬೇರೆಯಾದರೆ ನಿಪ್ಪಲ್ಲಿನ ಮೇಲೆ ಸನ್ನೆಯಂತೆ ಬೀಳುವ ಭಾರವೇ ಇಲ್ಲವಾಗುತ್ತದೆ, ಕೈಯಾಡಿಸಲು ಜಾಗವೂ ಸಿಗುತ್ತದೆ. ಉಳಿದ ತುಂಡಿನ ತುದಿಯಲ್ಲಿ ಕಾಣುವ ತಂತಿಯನ್ನು ನೋಸ್ ಪ್ಲಯರ್‌ನಿಂದ ಹಿಡಿದು ಸುರುಳಿ ಬಿಚ್ಚುತ್ತಾ ಹೊರಗೆಳೆಯಿರಿ. ತುಕ್ಕು ಹಿಡಿದು ತುಂಡಾಗುತ್ತಿದ್ದರೆ ಸಿಕ್ಕಷ್ಟು ತೆಗೆಯಿರಿ. ನಂತರ ರಬ್ಬರನ್ನು ಉದ್ದಕ್ಕೆ ಸೀಳಬೇಕು, ಆದರೆ ಲೋಹದವರೆಗೆ ಅಲ್ಲ. ಗೋಡೆಯ ದಪ್ಪದ ಮುಕ್ಕಾಲು ಪಾಲು ಚಾಕುವಿನಿಂದ, ಉಳಿದ ಕಾಲು ಪಾಲು ಸ್ಕ್ರೂಡ್ರೈವರನ್ನು ಸೀಳಿನಲ್ಲಿಟ್ಟು ಹಿರಿದು ತೆರೆಯುವುದರಿಂದ. ಚಾಕು ನಿಪ್ಪಲ್ಲಿಗೆ ತಾಗಿ ಉದ್ದ ಗೀರು ಮಾಡಿದರೆ, ಹೊಸ ಹೋಸ್ ಎಷ್ಟೇ ಒಳ್ಳೆಯದಿದ್ದರೂ ನೀರು ಆ ಗೀರಿನ ಹಾದಿಯಲ್ಲಿ ಹೊರಗೆ ಬರುತ್ತದೆ. ತಂತಿಯ ತುದಿಗಳು ಚೂಪಾಗಿರುತ್ತವೆ, ದಪ್ಪ ಕೈಗವಸು ಇರಲಿ.

ಗ್ಯಾಸ್ ಟಾರ್ಚ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೋಟಿನ ಇಂಜಿನ್ ಕೋಣೆಯೊಳಗೆ ಬೆಂಕಿಯ ಜ್ವಾಲೆ ಬೇಡವೇ ಬೇಡ. ಬೋಟಿನ ತಳದಲ್ಲಿ ಡೀಸೆಲ್ ಬೆರೆತ ನೀರು ನಿಂತಿರುತ್ತದೆ, ನಿಮ್ಮದು ಫೈಬರ್ ಬೋಟು, ಮತ್ತು ಅನೇಕ ಎಕ್ಸ್‌ಚೇಂಜರುಗಳಲ್ಲಿ ಕೊಳವೆಗಳನ್ನು ಕಡಿಮೆ ಉಷ್ಣತೆಗೆ ಕರಗುವ ಬೆಸುಗೆಯಿಂದ ಕೂರಿಸಿರುತ್ತಾರೆ. ಹೋಸ್ ಸುಡುವ ಹೊತ್ತಿಗೆ ಆ ಬೆಸುಗೆ ಬಿಟ್ಟುಕೊಂಡರೆ ಸಾವಿರದಲ್ಲಿ ಮುಗಿಯಬೇಕಾದ ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಬಿಸಿ ಬೇಕೇ ಆದರೆ ಬಟ್ಟೆ ಸುತ್ತಿ ಕುದಿಯುವ ನೀರು ಹೊಯ್ಯಿರಿ.

ಹೋಸ್ ಬಂದ ಮೇಲೆ ನಿಪ್ಪಲ್ಲನ್ನು ನೋಡುವುದು ಬಿಚ್ಚುವಷ್ಟೇ ಮುಖ್ಯ. ಕಂಚಿನ ಮೇಲೆ ಹಸಿರು ಪೊರೆ ಇದ್ದರೆ ನಯವಾದ ವಾಟರ್ ಪೇಪರಿನಿಂದ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ಉಜ್ಜಿದರೆ ಸಾಕು. ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ ಮತ್ತು ಗುಳಿಗಳು ಕಂಡರೆ, ಗುಳಿಗಳು ಹೋಸ್ ಕೂರುವ ಜಾಗದಲ್ಲಿವೆಯೇ ಎಂದು ನೋಡಬೇಕು. ನಾನು ಹೆಚ್ಚು ಹೆದರುವುದು ಹಿತ್ತಾಳೆಯ ನಿಪ್ಪಲ್ಲಿಗೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು ಇರುತ್ತದೆ. ಉಪ್ಪುನೀರು ಆ ಸತುವನ್ನು ಕರಗಿಸಿಕೊಂಡು ಹೋದಾಗ ರಂಧ್ರಮಯವಾದ ತಾಮ್ರ ಮಾತ್ರ ಉಳಿಯುತ್ತದೆ. ಆಕಾರ ಹಾಗೆಯೇ ಇರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಕೆರೆದಾಗ ಹಳದಿ ಹೊಳಪಿನ ಬದಲು ಗುಲಾಬಿ ಕೆಂಪು ಬಣ್ಣ ಕಂಡರೆ ಆ ನಿಪ್ಪಲ್ ಕೈಯಿಂದಲೇ ಮುರಿಯುವ ಸ್ಥಿತಿಗೆ ಬಂದಿರಬಹುದು. ‘ಮುಟ್ಟಿದರೆ ಮುರಿಯುತ್ತದೆ’ ಎಂದ ನಿಮ್ಮ ಮೆಕ್ಯಾನಿಕ್ ಬಹುಶಃ ಇಂಥದ್ದನ್ನು ನೋಡಿರುವವರು. ಆದರೆ ಹಾಗೆ ಮುರಿಯುವ ನಿಪ್ಪಲ್ ಬಂದರಿನಲ್ಲಿ ನಿಮ್ಮ ಕೈಯಲ್ಲಿ ಮುರಿಯುವುದೇ ಲೇಸು. ತಳದ ವಾಲ್ವಿನ ನಿಪ್ಪಲ್ ಹಿತ್ತಾಳೆಯದ್ದಾಗಿದ್ದರೆ, ಬೋಟು ದಡದಲ್ಲಿರುವಾಗಲೇ ಕಂಚಿನದ್ದಕ್ಕೆ ಬದಲಿಸಿ.

ಈಗ ಹೊಸ ಹೋಸ್ ಯಾವುದು ಎಂಬ ಪ್ರಶ್ನೆ. ತೋಟದ ಹಸಿರು ಸಕ್ಷನ್ ಪೈಪು ತಂಪು ನೀರಿಗೆ, ಬಯಲಿನ ಕೆಲಸಕ್ಕೆ ಮಾಡಿದ ಪಿವಿಸಿ. ಇಂಜಿನ್ ಕೋಣೆಯ ಬಿಸಿಯಲ್ಲಿ ಅದು ಮೆತ್ತಗಾಗುತ್ತದೆ, ಕ್ಲಿಪ್ಪಿನ ಒತ್ತಡಕ್ಕೆ ಪಕ್ಕಕ್ಕೆ ಸರಿದು ತೆಳ್ಳಗಾಗುತ್ತದೆ, ಹೊರಮೈಯ ಏರಿಳಿತದ ಮೇಲೆ ಕ್ಲಿಪ್ಪು ಸಮವಾಗಿ ಕೂರುವುದೂ ಇಲ್ಲ. ನಿಮ್ಮ ತಮ್ಮನವರ ಕಾಳಜಿ ಖರ್ಚಿನದ್ದು ಎಂದು ಅರ್ಥವಾಗುತ್ತದೆ, ಆದರೆ ನೀರಿನ ಮಟ್ಟದ ಕೆಳಗೆ ಈ ಉಳಿತಾಯ ಸಲ್ಲದು. ಲಾರಿಯ ರೇಡಿಯೇಟರ್ ಹೋಸ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ; ಪಂಪಿನ ನಂತರ, ಡೆಲಿವರಿ ಬದಿಯಲ್ಲಿ, ಚಿಕ್ಕ ಉದ್ದಕ್ಕೆ ಬಳಸಿದರೆ ಅಡ್ಡಿಯಿಲ್ಲ. ಅದರಲ್ಲಿ ತಂತಿ ಇಲ್ಲದ ಕಾರಣ ಹೀರುವ ಬದಿಗೆ ಮಾತ್ರ ಹಾಕಬಾರದು. ಸಿಲಿಕಾನ್ ಬಿಸಿಗೆ ಜಗ್ಗದು, ವರ್ಷಗಳು ಕಳೆದರೂ ಗಡುಸಾಗುವುದು ಕಡಿಮೆ. ಆದರೆ ಬೆಲೆ ಹೆಚ್ಚು, ಡೀಸೆಲ್ ಮತ್ತು ಆಯಿಲ್ ತಾಗಿದರೆ ಕೆಡುತ್ತದೆ, ಸಾಮಾನ್ಯ ಕ್ಲಿಪ್ಪಿನ ತೂತುಗಳ ಅಂಚು ಅದನ್ನು ಕೊರೆಯುತ್ತದೆ. ನಿಮ್ಮ ಬೋಟಿಗೆ ನಾನು ಹೇಳುವುದು, ಹೀರುವ ಬದಿಗೆ ಸುರುಳಿ ತಂತಿಯಿರುವ, ಬೋಟಿಗೆಂದೇ ಮಾಡಿದ ರಬ್ಬರಿನ ನೀರಿನ ಹೋಸ್. ನಿಮ್ಮ ಇಂಜಿನ್ನಿನ ಎಕ್ಸಾಸ್ಟಿಗೆ ನೀರು ಬೆರೆಸುವ ವ್ಯವಸ್ಥೆ ಇದ್ದರೆ, ಆ ಭಾಗಕ್ಕೆ ಎಸ್‌ಎಇ ಜೆ2006 ಅಥವಾ ಐಎಸ್‌ಒ 13363 ಎಂಬ ಮಾನದಂಡದ ಗುರುತನ್ನು ಮೈಮೇಲೆ ಮುದ್ರಿಸಿರುವ ಎಕ್ಸಾಸ್ಟ್ ಹೋಸನ್ನೇ ಹಾಕಬೇಕು. ಬೇರೆ ಯಾವುದೂ ಅಲ್ಲಿ ಬಾಳುವುದಿಲ್ಲ.

ಅಳತೆಗಾಗಿ ಹಳೆಯ ಹೋಸಿನ ತುಂಡನ್ನು ಅಂಗಡಿಗೆ ಒಯ್ಯುವುದು ರೂಢಿ. ಹಳೆಯ ಹೋಸಿನ ಬಾಯಿ ಹಿಗ್ಗಿಯೇ ಇರುತ್ತದೆ, ಅದನ್ನು ನಂಬಬೇಡಿ. ವರ್ನಿಯರ್ ಕ್ಯಾಲಿಪರಿನಿಂದ ನಿಪ್ಪಲ್ಲಿನ ಹೊರವ್ಯಾಸವನ್ನು ಅಳೆಯಿರಿ. ಹೋಸಿನ ಒಳವ್ಯಾಸ ಅದಕ್ಕೇ ಸಮನಾಗಿರಬೇಕು. ಒಂದೂಕಾಲು ಇಂಚು ಎಂದರೆ 31.75 ಮಿಲಿಮೀಟರ್, ಒಂದೂವರೆ ಇಂಚು ಎಂದರೆ 38.1, 32 ಮತ್ತು 38 ಮಿಲಿಮೀಟರಿನ ಹೋಸ್‌ಗಳು ಇವುಗಳಿಗೆ ಹೊಂದುತ್ತವೆ. ದೊಡ್ಡ ಹೋಸನ್ನು ಕ್ಲಿಪ್ಪಿನಿಂದ ಬಿಗಿದು ಸರಿಹೊಂದಿಸಿದರೆ ರಬ್ಬರು ಮಡಿಚಿಕೊಳ್ಳುತ್ತದೆ, ಆ ಮಡಿಕೆಯಲ್ಲೇ ಸೋರುತ್ತದೆ.

ಹೊಸ ಹೋಸ್ ಕೂರಿಸುವಾಗ ತುದಿಯನ್ನು ನೇರವಾಗಿ ಕತ್ತರಿಸಿ, ತಂತಿಯ ತುದಿ ಕಾಣುವಲ್ಲಿ ರಬ್ಬರಿನ ಅಂಟು ಸವರಿ ಒಣಗಲು ಬಿಡಿ. ಕ್ಲಿಪ್ಪುಗಳನ್ನು ಮೊದಲೇ ಹೋಸಿಗೆ ಪೋಣಿಸಿಕೊಳ್ಳಿ. ತುದಿಯನ್ನು ಕುದಿಸಿ ಇಳಿಸಿದ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ, ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿ, ತಿರುಚುತ್ತಾ ಒಂದೇ ಸಲಕ್ಕೆ ಪೂರ್ತಿ ಒಳಗೆ ತಳ್ಳಿ. ಗ್ರೀಸು, ಆಯಿಲ್, ಸಿಲಿಕಾನ್ ಪೇಸ್ಟು ಯಾವುದೂ ಬೇಡ. ಸೋಪು ನೀರು ಒಣಗುತ್ತದೆ, ಉಳಿದವು ಜಾರುತ್ತಲೇ ಇರುತ್ತವೆ. ತಂತಿಯ ಹೋಸ್ ಬಾಗದೆ ಎರಡನೆಯ ತುದಿ ಕೂರದಿದ್ದರೆ ಹೋಸಿನ ಜೊತೆ ಗುದ್ದಾಡುವ ಬದಲು ಸ್ಟ್ರೈನರನ್ನೇ ಅದರ ಬ್ರಾಕೆಟಿನಿಂದ ಬಿಚ್ಚಿ, ಕೈಯಲ್ಲಿ ಹಿಡಿದು ಹೋಸ್ ಕೂರಿಸಿ, ನಂತರ ಸ್ಥಳಕ್ಕೆ ಬಿಗಿಯಿರಿ. ಇದರಿಂದ ಉಳಿಯುವ ಶ್ರಮವನ್ನು ಒಮ್ಮೆ ಕಂಡವರು ಮತ್ತೆ ಬೇರೆ ರೀತಿ ಮಾಡುವುದಿಲ್ಲ. ನಡುವೆ ತುಂಡು ಮಾಡಿ ಜೋಡಿಸುವುದನ್ನು ಹೀರುವ ಬದಿಯಲ್ಲಿ ಮಾಡಬೇಡಿ.

ಕ್ಲಿಪ್ಪುಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಎಷ್ಟೋ ಕ್ಲಿಪ್ಪುಗಳ ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಸಾದಾ ಉಕ್ಕಿನದ್ದಾಗಿರುತ್ತದೆ. ಅಂಗಡಿಯಲ್ಲೇ ಸಣ್ಣ ಅಯಸ್ಕಾಂತ ಹಿಡಿದು ನೋಡಿ, ಸ್ಕ್ರೂವಿಗೆ ಬಲವಾಗಿ ಅಂಟಿದರೆ ಕೊಳ್ಳಬೇಡಿ. ನಿಪ್ಪಲ್ ಉದ್ದವಿದ್ದರೆ ಪ್ರತಿ ತುದಿಗೂ ಎರಡು ಕ್ಲಿಪ್ಪು, ಸ್ಕ್ರೂಗಳು ಎದುರುಬದುರು ಇರುವಂತೆ. ನಿಪ್ಪಲ್ ಚಿಕ್ಕದಾಗಿದ್ದು ಎರಡನೆಯ ಕ್ಲಿಪ್ಪು ಅದರ ಅಂಚಿನಾಚೆ ಬೀಳುವಂತಿದ್ದರೆ ಒಂದೇ ಸಾಕು. ಅಂಚಿನ ಮೇಲೆ ಬಿಗಿದ ಕ್ಲಿಪ್ಪು ಹೋಸನ್ನು ಕತ್ತರಿಸುತ್ತದೆ. ರಬ್ಬರು ಪಟ್ಟಿಯ ತೂತುಗಳಿಂದ ಉಕ್ಕಿ ಬರುವಷ್ಟು ಬಿಗಿಯಬೇಡಿ. ಹೊಸ ರಬ್ಬರು ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಕೂರುವುದರಿಂದ ಇಂಜಿನ್ ಓಡಿ ತಣಿದ ನಂತರ ಇನ್ನೊಮ್ಮೆ ನೋಡಿ ಬಿಗಿಯಬೇಕು.

ವಾಲ್ವು ತೆರೆದಾಗ ಇಂಜಿನ್ ಸ್ಟಾರ್ಟ್ ಮಾಡದೆ ಹತ್ತು ನಿಮಿಷ ಸುಮ್ಮನೆ ಬಿಟ್ಟು, ಪ್ರತಿ ಜೋಡಣೆಯನ್ನೂ ಒಣಗಿದ ಕಾಗದದಿಂದ ಒರೆಸಿ ನೋಡಿ. ಅನಂತರ ಸ್ಟಾರ್ಟ್ ಮಾಡಿ ಹೊರಗೆ ಬೀಳುವ ನೀರು, ಸ್ಟ್ರೈನರಿನ ಗುಳ್ಳೆ, ಟೆಂಪರೇಚರ್ ಮುಳ್ಳು ಈ ಮೂರನ್ನೂ ಗಮನಿಸಿ. ಮರುದಿನ ಬೆಳಿಗ್ಗೆ ಯಾವುದಾದರೂ ಕ್ಲಿಪ್ಪಿನ ಬಳಿ ಉಪ್ಪು ಬೆಳ್ಳಗೆ ಕಂಡರೆ ಅಲ್ಲಿ ನೀರು ಜಿನುಗಿದೆ.

ನೀವೇ ಮಾಡಬಹುದೇ ಎಂದರೆ, ಮಾಡಬಹುದು. ಪಂಪು, ಸ್ಟ್ರೈನರ್, ಎಕ್ಸ್‌ಚೇಂಜರಿನ ಹೋಸ್‌ಗಳಿಗೆ ಬೇಕಾದದ್ದು ತಾಳ್ಮೆ ಮತ್ತು ಹರಿತವಾದ ಚಾಕು. ತಳದ ವಾಲ್ವು ತಿರುಗದಿದ್ದರೆ, ಅದರ ನಿಪ್ಪಲ್ ಕೆಂಪಗಾಗಿದ್ದರೆ, ಅಥವಾ ವಾಲ್ವಿನ ಬುಡದಲ್ಲಿ ಫೈಬರ್ ಬಿರುಕು ಬಿಟ್ಟಿದ್ದರೆ ಮಾತ್ರ ಬೋಟ್ ಯಾರ್ಡಿನವರನ್ನು ಕರೆಯಿರಿ.

ತೆಗೆದ ಹಳೆಯ ಹೋಸನ್ನು ಎಸೆಯುವ ಮೊದಲು ಅದನ್ನು ಉದ್ದಕ್ಕೆ ಸೀಳಿ ಒಳಮೈ ನೋಡಿ. ಒಳಪದರ ಎದ್ದಿದ್ದರೆ ನಿಮ್ಮ ಮುಳ್ಳು ಏರಿದ್ದಕ್ಕೆ ಅದೇ ಕಾರಣವಿರುವ ಸಾಧ್ಯತೆ ಹೆಚ್ಚು. ಒಳಪದರದ ಚೂರುಗಳು ಕಾಣೆಯಾಗಿದ್ದರೆ ಅವು ನೀರಿನ ಜೊತೆ ಮುಂದೆ ಹೋಗಿವೆ. ಪಂಪಿನ ಮುಚ್ಚಳ ತೆಗೆದು ಇಂಪೆಲ್ಲರನ್ನು, ಎಕ್ಸ್‌ಚೇಂಜರಿನ ನೀರು ಬರುವ ಬದಿಯ ಮುಚ್ಚಳ ತೆಗೆದು ಕೊಳವೆಗಳ ಬಾಯಿಯನ್ನು ನೋಡಿ, ಸಿಕ್ಕಿಕೊಂಡ ಚೂರುಗಳನ್ನು ಹೆಕ್ಕಿ ತೆಗೆದು, ಅಲ್ಲಿ ಸತುವಿನ ಆನೋಡ್ (ಬೇರೆ ಲೋಹದ ಬದಲು ತಾನು ಸವೆಯುವ ತುಂಡು) ಇದ್ದು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅದನ್ನೂ ಬದಲಿಸಿ, ಆಮೇಲೆ ವಾಲ್ವು ತೆರೆಯಿರಿ.